ಮಂಗಳೂರಿನಲ್ಲಿ ವೈನ್ ಆರಿಸಲು ಯಾವ ಆ್ಯಪ್ ಒಳ್ಳೆಯದು?

ಒಂದೇ ಆ್ಯಪ್ ಸಾಕೆಂದರೆ ವಿವಿನೋ ಹಾಕಿಕೊಳ್ಳಿ. 2010ರಲ್ಲಿ ಶುರುವಾದದ್ದು, ಉಚಿತ. ಲೇಬಲ್‌ನ ಫೋಟೋ ತೆಗೆದರೆ ಐದಕ್ಕೆ ಎಷ್ಟು ಅಂಕ, ಎಷ್ಟು ಜನ ಕೊಟ್ಟದ್ದು ಎಂದು ತೋರಿಸುತ್ತದೆ. ಸುಲಾ, ಗ್ರೋವರ್ ಜಂಪಾ, ಫ್ರಾಟೆಲ್ಲಿಯಂಥ ಭಾರತೀಯ ವೈನ್‌ಗಳೂ ಅದರಲ್ಲಿವೆ. ವೈನ್-ಸರ್ಚರ್ ಬೆಲೆ ಹೋಲಿಸುವುದಕ್ಕೆ, ಆದರೆ ಹೆಚ್ಚಿನವು ಹೊರದೇಶದ ಅಂಗಡಿಗಳು. ಅಬಕಾರಿ ಸುಂಕ ಸೇರಿದ ಇಲ್ಲಿನ ಎಂಆರ್‌ಪಿ ಬೇರೆಯೇ ಲೆಕ್ಕ. ಸೆಲ್ಲಾರ್‌ಟ್ರ್ಯಾಕರ್ ಬಾಟಲಿ ಕೂಡಿಡುವ ಹವ್ಯಾಸದವರಿಗೆ.

ಜನ ಎಡವುವುದು ಅಂಕ ಓದುವಾಗ. ಸ್ಕ್ಯಾನ್ ಆದ ಮೇಲೆ ಪರದೆಯಲ್ಲಿರುವ ಇಸವಿ, ದ್ರಾಕ್ಷಿಯ ತಳಿ ಎರಡೂ ಲೇಬಲ್‌ಗೆ ತಾಳೆಯಾಗುತ್ತವೆಯೇ ನೋಡಿ; ಆ್ಯಪ್ ಕೆಲವೊಮ್ಮೆ ಅದೇ ಕಂಪನಿಯ ಬೇರೆ ಬಾಟಲಿ ಹಿಡಿಯುತ್ತದೆ. ಇಪ್ಪತ್ತು ಜನ ಕೊಟ್ಟ 4.2ಕ್ಕಿಂತ ಎರಡು ಸಾವಿರ ಜನ ಕೊಟ್ಟ 3.8 ನಂಬಲರ್ಹ.

ಬಾಟಲಿ ಎಲ್ಲಿ ಇಟ್ಟಿದ್ದರು ಎಂಬುದು ಯಾವ ಆ್ಯಪ್‌ಗೂ ತಿಳಿಯದು. ಕರಾವಳಿಯ ಸೆಕೆಗೆ ಎಸಿ ಇಲ್ಲದ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ವೈನ್ ಹಣ್ಣಿನ ಪರಿಮಳ ಕಳೆದುಕೊಂಡು ಬೇಯಿಸಿದ ಹಾಗಿರುತ್ತದೆ. ಕಾರ್ಕ್ ಮೇಲೆದ್ದಿದ್ದರೆ, ಕತ್ತಿನ ಬಳಿ ಅಂಟಂಟಾಗಿದ್ದರೆ 4.5 ಅಂಕ ಇದ್ದರೂ ಬೇಡ.

ಯಾವ ಊಟಕ್ಕೆ ಯಾವ ವೈನ್ ಎಂಬ ಆ್ಯಪ್‌ನ ಸಲಹೆಯಲ್ಲಿ ಬರೀ ‘ಕೋಳಿ’, ‘ಮೀನು’ ಎಂದಿದ್ದರೆ ಕೋರಿ ಗಸಿಗೋ ಬಂಗುಡೆ ಪುಳಿಮುಂಚಿಗೋ ಅದು ಉಪಯೋಗಕ್ಕೆ ಬಾರದು. ಒಗರು, ಆಲ್ಕೋಹಾಲ್ ಹೆಚ್ಚಿರುವ ಕೆಂಪು ವೈನ್ ಮೆಣಸಿನ ಉರಿಯನ್ನು ಏರಿಸುತ್ತದೆ. ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್‌ನಂಥ ತುಸು ಸಿಹಿ ಇರುವ ಬಿಳಿ ವೈನ್ ಹುಡುಕಿ, ಚೆನ್ನಾಗಿ ತಣಿಸಿ. ಕಾಣೆ ರವಾ ಫ್ರೈಗಾದರೆ ಸಾವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್ ಸಾಕು.