ಬಾಯಲ್ಲಿ ನಮೋ ಮರಿಯಾ, ಮನಸ್ಸೆಲ್ಲೋ

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಜಪಸರದ ಬಗ್ಗೆಯೇ ಇವೆ. ಅಕ್ಟೋಬರ್ ಜಪಸರದ ತಿಂಗಳಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಹೊಸ ಓದುಗರಿಗೆ ಒಂದು ಮಾತು: ಜಪಸರವೆಂದರೆ ಮಣಿ ಎಣಿಸುತ್ತಾ 'ನಮೋ ಮರಿಯಾ' ಎಂಬ ಮರಿಯಮ್ಮನವರ ಪ್ರಾರ್ಥನೆ ಹೇಳುವುದು. ಹತ್ತು ನಮೋ ಮರಿಯಾಗಳಿಗೆ ಒಂದರಂತೆ ಧ್ಯಾನಿಸುವ, ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗೆ 'ರಹಸ್ಯ' ಎನ್ನುತ್ತೇವೆ. ನಾನು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟು ನಿವೃತ್ತಳಾದವಳು, ದೇವಶಾಸ್ತ್ರದ ಪಂಡಿತಳಲ್ಲ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಟೀಚರ್, ದಿನವೂ ಸಂಜೆ ಜಪಸರ ಹೇಳುತ್ತೇನೆ. ಎರಡನೆಯ ರಹಸ್ಯಕ್ಕೆ ಬರುವಷ್ಟರಲ್ಲಿ ಮನಸ್ಸು ಕಚೇರಿಗೆ ಹೋಗಿ ಕುಳಿತಿರುತ್ತದೆ. ಬಾಯಿ ಮಾತ್ರ ಹೇಳುತ್ತಿರುತ್ತದೆ. ಹೇಳಿದ್ದನ್ನೇ ಹೇಳಬೇಡಿ ಎಂದು ಯೇಸುವೇ ಎಚ್ಚರಿಸಿದ್ದಾರಲ್ಲ? ಇಂಥ ಪ್ರಾರ್ಥನೆಗಿಂತ ಸುಮ್ಮನಿರುವುದು ಮೇಲಲ್ಲವೇ?

ಉತ್ತರ: ಸುಮ್ಮನಿದ್ದರೆ ಮನಸ್ಸು ಕಚೇರಿಗೆ ಹೋಗುವುದಿಲ್ಲ ಎಂದು ನಿಮಗೆ ಯಾರು ಹೇಳಿದರು? ಮನಸ್ಸೆಂಬ ಮರ್ಕಟಕ್ಕೆ ಜಪವೂ ಒಂದೇ, ಮೌನವೂ ಒಂದೇ.

ಮೊದಲು ಯೇಸುವಿನ ಮಾತನ್ನು ನೋಡೋಣ. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಅವರು ಬೇಡವೆಂದದ್ದು, ಮಾತು ಹೆಚ್ಚಾದಷ್ಟೂ ದೇವರು ಬೇಗ ಕೇಳಿಸಿಕೊಳ್ಳುತ್ತಾನೆ ಎಂಬ ಎಣಿಕೆಯನ್ನು. ಅದರ ಬೆನ್ನಿಗೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನು ಕಲಿಸಿಕೊಟ್ಟರು. ನಿಮ್ಮ ಜಪಸರದ ದೊಡ್ಡ ಮಣಿಗಳ ಮೇಲೆ ಹೇಳುವುದು ಅದನ್ನೇ. ಅದೇ ಶುಭಸಂದೇಶದ ಇಪ್ಪತ್ತಾರನೆಯ ಅಧ್ಯಾಯಕ್ಕೆ ಬನ್ನಿ. ಸಾವಿನ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೆಯ ಸಲವೂ ಹೋಗಿ ಅವೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದಿದೆ. 136ನೆಯ ಕೀರ್ತನೆಯ ಇಪ್ಪತ್ತಾರು ಚರಣಗಳೂ ಒಂದೇ ಪಲ್ಲವಿಯಿಂದ ಮುಗಿಯುತ್ತವೆ. ಹೇಳಿದ್ದನ್ನು ಮತ್ತೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಎಣಿಕೆ ತೋರಿಸಿ ದೇವರ ಹತ್ತಿರ ವ್ಯಾಪಾರಕ್ಕೆ ಇಳಿಯುವುದು ತಪ್ಪು.

ಇನ್ನು ನಿಮ್ಮ ನಿಜವಾದ ತೊಂದರೆ. ಪ್ರತಿಯೊಂದು ನಮೋ ಮರಿಯಾದ ಪ್ರತಿಯೊಂದು ಪದದ ಮೇಲೂ ಮನಸ್ಸಿಡಬೇಕು ಎಂದು ನೀವು ಹೆಣಗುತ್ತಿದ್ದೀರಿ ಎಂದು ಕಾಣುತ್ತದೆ. ಆರಂಭದ ಮೂರೂ ಸೇರಿ ಐವತ್ತಮೂರು ಸಲ ಅದು ಯಾರಿಂದಲೂ ಆಗದು. ಜಪಸರ ಕೇಳುವುದೂ ಅದನ್ನಲ್ಲ. ನಾಲಿಗೆಗೆ ಒಂದು ಕೆಲಸ, ಬೆರಳಿಗೆ ಒಂದು ಕೆಲಸ ಕೊಟ್ಟು, ಕಣ್ಣನ್ನು ಆ ದಿನದ ರಹಸ್ಯದ ಮೇಲೆ ನಿಲ್ಲಿಸುವುದು ಅದರ ಕ್ರಮ. ಆ ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹದಂತೆ ಎಂದು ಆರನೆಯ ಪೌಲ್ ಜಗದ್ಗುರುಗಳು (ಪೋಪ್) 1974ರಲ್ಲಿ ಬರೆದರು. ಮರಿಯಮ್ಮನವರ ಭಕ್ತಿಯನ್ನು ಹೊಗಳಿ ಬರೆದ ಪತ್ರದಲ್ಲೇ ಈ ಮಾತಿದೆ ಎಂಬುದನ್ನು ಗಮನಿಸಿ.

ಹಾಗಾದರೆ ಮಾಡುವುದೇನು? ಮಂಗಳವಾರವೋ ಶುಕ್ರವಾರವೋ ದುಃಖದ ರಹಸ್ಯಗಳನ್ನು ತೆಗೆದುಕೊಳ್ಳಿ. ಮೊದಲನೆಯದು ಗೆತ್ಸೆಮನೆ. ಇಡೀ ತೋಟವನ್ನು ಕಲ್ಪಿಸಿಕೊಳ್ಳಲು ಹೋಗಬೇಡಿ. ನಿದ್ದೆಹೋಗಿರುವ ಮೂವರು ಶಿಷ್ಯರನ್ನು ಮಾತ್ರ ನೋಡಿ. ಸ್ವಲ್ಪ ಹೊತ್ತಿಗೆ ಮೊದಲು ಯೇಸುವಿಗೆ 'ನಿಮಗಾಗಿ ಸಾಯಲೂ ಸಿದ್ಧ' ಎಂದ ಪೇತ್ರ ಅಲ್ಲಿ ಮಲಗಿದ್ದಾನೆ. ಹತ್ತು ನಮೋ ಮರಿಯಾ ಮುಗಿಯುವವರೆಗೆ ಅವನ ಬಳಿ ಕುಳಿತಿರಿ, ಸಾಕು. ಕಚೇರಿ ನೆನಪಾಯಿತೇ? ಅಲ್ಲಿ ನಿಮಗೆ ಬೇಕಾದಾಗ ಕೈಕೊಟ್ಟವರ ನೆನಪಾದರೆ ಅವರನ್ನೂ ಪೇತ್ರನ ಪಕ್ಕದಲ್ಲಿ ಕೂರಿಸಿ ನೋಡಿ. ಮನಸ್ಸು ಓಡಿದ ದಾರಿಯೂ ಕೆಲವೊಮ್ಮೆ ಪ್ರಾರ್ಥನೆಯೇ ಆಗಿಬಿಡುತ್ತದೆ.

ಇನ್ನೊಂದು ಹಳೆಯ ಉಪಾಯವಿದೆ. ನಮೋ ಮರಿಯಾದ ನಡುವೆ ಯೇಸುವಿನ ಹೆಸರು ಬರುವಲ್ಲಿ ಒಂದು ಕ್ಷಣ ನಿಂತು, ಆ ರಹಸ್ಯಕ್ಕೆ ಹೊಂದುವ ನಾಲ್ಕು ಮಾತು ಸೇರಿಸುವುದು: 'ನಮಗಾಗಿ ಮುಳ್ಳಿನ ಕಿರೀಟ ಧರಿಸಿದ ಯೇಸು' ಎಂಬಂತೆ. ಹದಿನೈದನೆಯ ಶತಮಾನದಲ್ಲಿ ಪ್ರಷ್ಯಾದ ಡೊಮಿನಿಕ್ ಎಂಬ ಕಾರ್ಥೂಸಿಯನ್ ಸನ್ಯಾಸಿ ಇಂಥ ಸಾಲುಗಳನ್ನು ಸಾಲಾಗಿ ಬರೆದಿಟ್ಟಿದ್ದ. ಹೆಸರಿನ ಬಳಿ ನಿಂತರೆ ಓಟವೂ ತಾನಾಗಿ ತಗ್ಗುತ್ತದೆ. ಈ ಓಟವನ್ನು ಕಂಡರೆ ನನಗೆ ಆಗುವುದಿಲ್ಲ, ಹೇಳಿಯೇ ಬಿಡುತ್ತೇನೆ. ಗುಂಪಿನಲ್ಲಿ ಹೇಳುವಾಗ ಒಂದು ಪಕ್ಷದವರು 'ಯೇಸು' ಎನ್ನುವ ಮುಂಚೆಯೇ ಇನ್ನೊಂದು ಪಕ್ಷದವರು 'ಸಂತ ಮರಿಯೇ' ಎಂದು ನುಗ್ಗುತ್ತಾರೆ. ಐದು ರಹಸ್ಯಗಳಿಗೆ ಇಪ್ಪತ್ತು ನಿಮಿಷ ಬೇಕು. ಅಷ್ಟು ಬಿಡುವಿಲ್ಲದ ದಿನ ಒಂದೇ ರಹಸ್ಯ ಹೇಳಿ, ಆದರೆ ಹೇಳಿ.

ಲಿಸಿಯೂವಿನ ಸಂತ ತೆರೇಸಾ ಗೊತ್ತಲ್ಲ, ಇಪ್ಪತ್ತನಾಲ್ಕಕ್ಕೆ ತೀರಿಕೊಂಡ ಕಾರ್ಮೆಲ್ ಸನ್ಯಾಸಿನಿ? ಒಬ್ಬಳೇ ಕುಳಿತು ಜಪಸರ ಹೇಳುವುದು ತನಗೆ ತಪಸ್ಸಿನ ಮುಳ್ಳುಪಟ್ಟಿ ಕಟ್ಟಿಕೊಳ್ಳುವುದಕ್ಕಿಂತಲೂ ಕಷ್ಟ ಎಂದು ಆಕೆ ಬರೆದುಕೊಂಡಿದ್ದಾರೆ. ಆಕೆಯನ್ನು ಧರ್ಮಸಭೆ ಸಂತಳೆಂದು ಸಾರಿತು, ಆಮೇಲೆ 1997ರಲ್ಲಿ ಧರ್ಮಸಭೆಯ ಪಂಡಿತೆ ಎಂದೂ ಸಾರಿತು. ನೀವು ಒಳ್ಳೆಯ ಸಹವಾಸದಲ್ಲೇ ಇದ್ದೀರಿ.

ಪ್ರಶ್ನೆ: ನನ್ನ ಸಹೋದ್ಯೋಗಿ ಬೇರೆ ಸಭೆಯ ಕ್ರೈಸ್ತರು. 'ನೀವು ಮರಿಯಾಳನ್ನು ಆರಾಧಿಸುತ್ತೀರಿ' ಎಂದು ಆಗಾಗ ಚುಚ್ಚುತ್ತಾರೆ. ಏನು ಹೇಳಲಿ?

ಉತ್ತರ: ಜಗಳವಾಡಬೇಡಿ. ನಮೋ ಮರಿಯಾವನ್ನು ಅವರ ಮುಂದೆ ನಿಧಾನವಾಗಿ ಹೇಳಿ. ಮೊದಲರ್ಧದ ಬಹುಪಾಲು ಲೂಕನ ಶುಭಸಂದೇಶದ ಮೊದಲ ಅಧ್ಯಾಯದ್ದು: ದೇವದೂತ ಗಬ್ರಿಯೇಲನ ವಂದನೆ, ಆಮೇಲೆ ಮರಿಯಾಳ ಬಂಧು ಎಲಿಜಬೇತಳ ಉದ್ಗಾರ. ಉಳಿದರ್ಧದಲ್ಲಿ ಆಕೆಯನ್ನು ನಾವು ಕೇಳಿಕೊಳ್ಳುವುದು ಒಂದೇ ಒಂದು: ನಮಗಾಗಿ ಪ್ರಾರ್ಥಿಸಿರಿ. ದೇವರನ್ನು ಯಾರೂ ಹಾಗೆ ಕೇಳುವುದಿಲ್ಲ.

'ದೇವಮಾತೆ' ಎಂಬ ಬಿರುದು 431ರಲ್ಲಿ ಎಫೆಸದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯಲ್ಲಿ ಒಪ್ಪಿತವಾಯಿತು. ಅಲ್ಲಿ ನಡೆದ ವಾದ ಇದ್ದದ್ದು ಯೇಸು ಯಾರು ಎಂಬುದರ ಬಗ್ಗೆ. ಆಕೆ ಹೆತ್ತ ಮಗು ನಿಜವಾಗಿ ದೇವರೇ ಆಗಿದ್ದರೆ ಆಕೆ ದೇವಮಾತೆ, ಅಷ್ಟೇ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ ಎಂಬ ಗೆರೆಯನ್ನು 787ರ ಎರಡನೆಯ ನೈಸೀಯ ಮಹಾಸಭೆ ಎಳೆದಿದೆ. ಮರಿಯಮ್ಮನವರಿಗೆ ಆ ಗೌರವ ಎಲ್ಲ ಸಂತರಿಗಿಂತ ಮಿಗಿಲು. ಆದರೂ ಅದು ಗೆರೆಯ ಈಚೆಯದೇ.

ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಕೂಡ 1521ರಲ್ಲಿ ಮರಿಯಾಳ ಸ್ತುತಿಗೀತೆಗೆ ಭಕ್ತಿಯಿಂದ ವ್ಯಾಖ್ಯಾನ ಬರೆದರು ಎಂಬುದನ್ನೂ ನಿಮ್ಮ ಸಹೋದ್ಯೋಗಿಗೆ ತಿಳಿಸಿ.

ಆದರೆ ಅವರ ಚುಚ್ಚುಮಾತಿಗೆ ನಮ್ಮವರೇ ಕಾರಣ ಒದಗಿಸುವುದೂ ಉಂಟು. ತಂದೆ ಸಿಡುಕ, ತಾಯಿ ಕರುಣಾಳು. ತಂದೆಗೆ ಗೊತ್ತಾಗದ ಹಾಗೆ ತಾಯಿಯಿಂದ ಕೆಲಸ ಮಾಡಿಸಿಕೊಳ್ಳೋಣ ಎಂಬ ಧಾಟಿಯ ಪ್ರವಚನಗಳನ್ನು ನಾನೂ ಕೇಳಿದ್ದೇನೆ. ದೇವರ ಬಗ್ಗೆ ಇದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ. ಮರಿಯಾ ಭಕ್ತಿಯಲ್ಲಿ ಉತ್ಪ್ರೇಕ್ಷೆಯೂ ಬೇಡ, ಸಂಕುಚಿತ ಬುದ್ಧಿಯೂ ಬೇಡ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬೋಧಕರಿಗೆ ತಿಳಿಹೇಳಿದೆ. ಶುಭಸಂದೇಶಗಳಲ್ಲಿ ದಾಖಲಾಗಿರುವ ಆಕೆಯ ಕೊನೆಯ ಮಾತು ಕಾನಾ ಊರಿನ ಮದುವೆಮನೆಯಲ್ಲಿ ಸೇವಕರಿಗೆ ಹೇಳಿದ್ದು: ಅವರು ಹೇಳಿದಂತೆ ಮಾಡಿ. ಆಕೆ ಬೆರಳು ತೋರಿಸುವುದು ಮಗನ ಕಡೆಗೆ.

ಪ್ರಶ್ನೆ: ಮಾತೆ ಮರಿಯಮ್ಮನವರೇ ಪ್ರತ್ಯಕ್ಷರಾಗಿ ಸಂತ ಡೊಮಿನಿಕ್ ಅವರ ಕೈಗೆ ಜಪಸರ ಕೊಟ್ಟರು ಎಂದು ಚಿತ್ರದಲ್ಲಿ ನೋಡಿದ್ದೇನೆ. ಇದು ಚರಿತ್ರೆಯೇ?

ಉತ್ತರ: ಚಿತ್ರ ಸುಂದರ, ಚರಿತ್ರೆ ಬೇರೆ. ಡೊಮಿನಿಕನ್ ಸಭೆಯನ್ನು ಸ್ಥಾಪಿಸಿದ ಸಂತ ಡೊಮಿನಿಕ್ ತೀರಿಕೊಂಡದ್ದು 1221ರಲ್ಲಿ. ಈ ಕಥೆಯನ್ನು ಊರೂರಿಗೆ ಹಬ್ಬಿಸಿದವರು ಅವರದೇ ಸಭೆಯ ಆಲನ್ ದ ಲಾ ರೋಷ್, ಅದೂ ಎರಡು ಶತಮಾನಗಳಾದ ಮೇಲೆ. ಜಪಸರ ಒಬ್ಬರ ಕೈಯಿಂದ ಒಂದೇ ದಿನ ಬಂದದ್ದಲ್ಲ. ಮಠಗಳಲ್ಲಿ ಸನ್ಯಾಸಿಗಳು 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದು ಬಾರದವರು ಅವುಗಳ ಬದಲು 150 ಸಲ ಪರಲೋಕ ಪ್ರಾರ್ಥನೆ ಹೇಳುತ್ತಿದ್ದರು, ಎಣಿಸಲು ದಾರಕ್ಕೆ ಮಣಿ ಪೋಣಿಸಿಕೊಂಡರು. ಮುಂದೆ ಆ ಜಾಗಕ್ಕೆ ನಮೋ ಮರಿಯಾ ಬಂತು, ಅದರೊಡನೆ ಕ್ರಿಸ್ತನ ಬದುಕಿನ ಧ್ಯಾನ ಸೇರಿತು. ಐದನೆಯ ಪಿಯುಸ್ ಜಗದ್ಗುರುಗಳು 1569ರಲ್ಲಿ ಈ ಪ್ರಾರ್ಥನೆಗೆ ಅಧಿಕೃತ ಮುದ್ರೆ ಒತ್ತಿದರು. 1571ರ ಅಕ್ಟೋಬರ್ 7ರಂದು ಕ್ರೈಸ್ತ ನೌಕಾಪಡೆ ಒಟ್ಟೋಮನ್ ತುರ್ಕರ ವಿರುದ್ಧ ಲೆಪಾಂಟೋ ಸಮುದ್ರಯುದ್ಧ ಗೆದ್ದದ್ದರ ನೆನಪಿಗೆ ಹಬ್ಬವೂ ಬಂತು. ಯುದ್ಧದಿಂದ ಹುಟ್ಟಿದ ಹಬ್ಬ ಎಂಬುದು ನನಗೇನೂ ಅಷ್ಟು ಹಿಡಿಸುವುದಿಲ್ಲ. ಅಕ್ಷರ ಬಾರದವರು ತಮಗೊಂದು ಕೀರ್ತನೆಯ ಪುಸ್ತಕವನ್ನು ಬೆರಳ ತುದಿಯಲ್ಲಿ ಮಾಡಿಕೊಂಡರಲ್ಲ, ದೇವದರ್ಶನದ ಕಥೆಗಿಂತ ಅದೇ ನನಗೆ ದೊಡ್ಡದು.

ಪ್ರಶ್ನೆ: ನಮ್ಮ ಅಜ್ಜಿ ಗುರುವಾರದ ಬೆಳಕಿನ ರಹಸ್ಯಗಳನ್ನು ಹೇಳುವುದೇ ಇಲ್ಲ, 'ನಮ್ಮ ಕಾಲದಲ್ಲಿ ಅದಿರಲಿಲ್ಲ' ಎನ್ನುತ್ತಾರೆ. ತಪ್ಪಲ್ಲವೇ?

ಉತ್ತರ: ತಪ್ಪಿಲ್ಲ. ಎರಡನೆಯ ಜಾನ್ ಪಾಲ್ ಜಗದ್ಗುರುಗಳು 2002ರ ಅಕ್ಟೋಬರ್ 16ರಂದು ಅವನ್ನು ಸೇರಿಸಿದಾಗಲೇ, ಅನುಸರಿಸುವುದು ಬಿಡುವುದು ಅವರವರ ಇಷ್ಟ ಎಂದು ಬರೆದಿದ್ದಾರೆ. ನನಗಂತೂ ಅವು ಬೇಕು. ಹಳೆಯ ಕ್ರಮದಲ್ಲಿ ಹನ್ನೆರಡು ವರ್ಷದ ಬಾಲಕ ಯೇಸು ದೇವಾಲಯದಲ್ಲಿ ಸಿಕ್ಕಿದ ಮೇಲೆ ಮುಂದಿನ ರಹಸ್ಯ ನೇರವಾಗಿ ಗೆತ್ಸೆಮನೆಯದು. ನಡುವಿನ ದೀಕ್ಷಾಸ್ನಾನ, ಬೋಧನೆ, ಕಡೆಯ ಭೋಜನ ಯಾವುದೂ ಇರಲಿಲ್ಲ. ಅಜ್ಜಿಯನ್ನು ಅವರ ಪಾಡಿಗೆ ಬಿಡಿ.

ಪ್ರಶ್ನೆ: 'ಈ ಜಪಸರದ ಚಿತ್ರವನ್ನು ಒಂಬತ್ತು ಜನರಿಗೆ ಕಳುಹಿಸಿ, ಒಂಬತ್ತು ದಿನಗಳಲ್ಲಿ ಪವಾಡ, ಕಳುಹಿಸದಿದ್ದರೆ ಕೇಡು' ಎಂದು ಮೊಬೈಲಿಗೆ ಸಂದೇಶ ಬಂದಿದೆ. ಅಳಿಸಲು ಭಯ.

ಉತ್ತರ: ಅಳಿಸಿ. ಕಳುಹಿಸಿದವರಿಗೂ ಅಳಿಸಲು ಹೇಳಿ.

ಪ್ರಶ್ನೆ: ಟೀಚರ್, ನನ್ನ ತಾಯಿಗೆ ಮರೆವಿನ ರೋಗ. ನನ್ನ ಹೆಸರೂ ಕೆಲವೊಮ್ಮೆ ನೆನಪಿರುವುದಿಲ್ಲ. ಆದರೆ ಜಪಸರ ಕೈಗೆ ಸಿಕ್ಕರೆ ಒಂದೇ ಮಣಿ ಹಿಡಿದು ನಮೋ ಮರಿಯಾ ಹೇಳುತ್ತಲೇ ಇರುತ್ತಾರೆ, ಮುಂದಕ್ಕೆ ಹೋಗುವುದಿಲ್ಲ. ತಿದ್ದಿದರೆ ಅಳುತ್ತಾರೆ. ಏನು ಮಾಡಲಿ?

ಉತ್ತರ: ತಿದ್ದಬೇಡಿ ತಾಯಿ. ಎಣಿಕೆ ಇರುವುದು ನಮ್ಮ ಅನುಕೂಲಕ್ಕೆ. ಹತ್ತಕ್ಕೆ ಹನ್ನೊಂದಾದರೆ, ನಲವತ್ತಾದರೆ ಯಾರೂ ಲೆಕ್ಕ ಕೇಳುವುದಿಲ್ಲ. ನೀವು ಪಕ್ಕದಲ್ಲಿ ಕುಳಿತು ಮೊದಲರ್ಧ ಹೇಳಿ ನಿಲ್ಲಿಸಿ. ಉಳಿದರ್ಧವನ್ನು ಅವರು ಎತ್ತಿಕೊಳ್ಳುವ ಸಾಧ್ಯತೆ ಹೆಚ್ಚು, ಏಕೆಂದರೆ ಚಿಕ್ಕಂದಿನಿಂದ ಗುಂಪಿನಲ್ಲಿ ಹಾಗೆಯೇ ಹೇಳಿ ಬೆಳೆದಿರುತ್ತಾರೆ. ಎತ್ತಿಕೊಳ್ಳದಿದ್ದರೆ ನೀವೇ ಮುಗಿಸಿ. ರಹಸ್ಯದ ಹೆಸರು, ನಡುವಿನ ಸಣ್ಣ ಪ್ರಾರ್ಥನೆ, ಕೊನೆಯ ಮನವಿಮಾಲೆ ಎಲ್ಲವನ್ನೂ ಬಿಡಬಹುದು. ತಂತಿಯ ಕೊಂಡಿಗಳಿರುವ ಸರ ಬೇಡ, ಬೆರಳಿಗೆ ಚುಚ್ಚುತ್ತದೆ. ಗಟ್ಟಿ ದಾರದಲ್ಲಿ ಗಂಟು ಹಾಕಿ ಪೋಣಿಸಿದ, ದೊಡ್ಡ ಮರದ ಮಣಿಗಳ ಸರ ಕೊಡಿ. ಬಾಯಿಗೆ ಹಾಕಿಕೊಳ್ಳುವ ಹಂತ ಬಂದಿದ್ದರೆ ಮಣಿಯೇ ಬೇಡ, ಬರೀ ಗಂಟುಗಳ ಸರ ಸಿಗುತ್ತದೆ.

ನಿಮ್ಮ ಹೆಸರು ಅವರಿಗೆ ನೆನಪಿಲ್ಲದ ದಿನ 'ಪಾಪಿಗಳಾದ ನಮಗಾಗಿ' ಎಂಬಲ್ಲಿ ನೀವೂ ಸೇರಿದ್ದೀರಿ. ನಿಮ್ಮ ಹೆಸರು ಹಿಡಿದು ಅವರು ಪ್ರಾರ್ಥಿಸಬೇಕಾಗಿಲ್ಲ. ಮತ್ತೆ ಬರೆಯಿರಿ, ಅವರ ಬಗ್ಗೆ ಅಲ್ಲದಿದ್ದರೂ ನಿಮ್ಮ ಬಗ್ಗೆ. ನೋಡಿಕೊಳ್ಳುವವರು ನಿದ್ದೆಗೆಟ್ಟು ಜಪ ಮಾಡಬೇಕೆಂಬ ನಿಯಮ ಯಾವ ಧರ್ಮೋಪದೇಶದಲ್ಲೂ ಇಲ್ಲ.

ಪ್ರಶ್ನೆ: ಗುರುಗಳು ಆಶೀರ್ವದಿಸಿದ ಜಪಸರ ತುಂಡಾಗಿದೆ. ಕಸಕ್ಕೆ ಹಾಕಲು ಮನಸ್ಸು ಬಾರದು. ಕೊರಳಿಗೆ ಹಾಕಿಕೊಳ್ಳುವುದು ಸರಿಯೇ ಎಂಬುದನ್ನೂ ತಿಳಿಸಿ.

ಉತ್ತರ: ರಿಪೇರಿಯಾದರೆ ಮಾಡಿಸಿ, ಒಂದೆರಡು ಮಣಿ ಬೇರೆ ಬಣ್ಣದ್ದಾದರೂ ಅಡ್ಡಿಯಿಲ್ಲ. ಆಗದಿದ್ದರೆ ಮಣ್ಣಿನಲ್ಲಿ ಹೂಳಿ, ಮರದ್ದಾದರೆ ಸುಡಲೂಬಹುದು. ಆಶೀರ್ವದಿಸಿದ ವಸ್ತುಗಳಿಗೆ ನಡೆದುಬಂದ ಕ್ರಮ ಅದು. ಕೊರಳ ವಿಷಯ: ಭಕ್ತಿಯಿಂದ ಹಾಕಿಕೊಂಡರೆ ನಿಷೇಧವಿಲ್ಲ. ಬಟ್ಟೆಗೆ ಒಪ್ಪುತ್ತದೆ ಎಂದಾದರೆ ಅಂಗಡಿಯಲ್ಲಿ ಬೇರೆ ಸರಗಳು ಬೇಕಾದಷ್ಟಿವೆ. ಹಾಕಿಕೊಂಡವರು ಆಗಾಗ ತೆಗೆದು ಜಪವನ್ನೂ ಮಾಡಲಿ.