ಹಳದಿಗೆ ಹೆದರಬೇಡಿ, ಬಿಳಿ ಕಂಡರೆ ಕಾಯಬೇಡಿ

ಮಗುವಿಗೆ ಒಂಬತ್ತು ದಿನ, ದಿನಕ್ಕೆ ಏಳೆಂಟು ಸಲ ಹಳದಿಯಾಗಿ, ನೀರುನೀರಾಗಿ ಕಕ್ಕ ಮಾಡುತ್ತಿದೆ, ಊರಿಂದ ಅಮ್ಮ ಭೇದಿ ಅನ್ನುತ್ತಾರೆ, ಮಿಡ್‌ವೈಫ್ ಔಷಧಿಯನ್ನೇ ಕೊಡುತ್ತಿಲ್ಲ, ಇಂಗ್ಲೆಂಡಿನಲ್ಲಿ ಮಕ್ಕಳನ್ನು ಹೀಗೇ ನೋಡುತ್ತಾರಾ ಅಂತ ಕೇಳಿದ್ದೀರಿ. ಎದೆಹಾಲು ಮಾತ್ರ, ಚೆನ್ನಾಗಿ ಕುಡಿಯುತ್ತಿದೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಅದು ಭೇದಿಯಲ್ಲ. ಮಿಡ್‌ವೈಫ್ ಸುಮ್ಮನಿರುವುದು ಅಸಡ್ಡೆಯಿಂದಲ್ಲ, ಕೊಡಬೇಕಾದ ಔಷಧಿಯೇ ಇಲ್ಲ.

ಮೊದಲ ಒಂದೆರಡು ದಿನ ಕಪ್ಪು-ಹಸಿರು ಬಣ್ಣದ, ಒರೆಸಿದರೂ ಬಿಡದ ಅಂಟು ಕಕ್ಕ ನೋಡಿರುತ್ತೀರಿ. ಅದು ಮೆಕೋನಿಯಮ್, ಹೊಟ್ಟೆಯಲ್ಲಿದ್ದಾಗಲೇ ಮಗುವಿನ ಕರುಳಲ್ಲಿ ಸೇರಿದ್ದು. ಹಾಲು ಒಳಗೆ ಹೋದಂತೆ ಅದು ಹಸಿರಾಗಿ, ಐದನೇ ದಿನದ ಹೊತ್ತಿಗೆ ಹಳದಿಯಾಗುತ್ತದೆ. ಎದೆಹಾಲಿನ ಮಗುವಿನದು ತೆಳ್ಳಗಿರುತ್ತದೆ, ನಡುವೆ ಸಣ್ಣ ಕಾಳುಗಳಂತೆ ಕಾಣುತ್ತದೆ. ಹಾಲು ಕುಡಿದಾಗಲೆಲ್ಲ ಮಾಡುವ ಮಕ್ಕಳೂ ಇವೆ. ಡಬ್ಬಿ ಹಾಲಿನ ಮಕ್ಕಳದು ಗಟ್ಟಿ, ಕಂದು, ವಾಸನೆ ಜಾಸ್ತಿ. ಈ ಮೊದಲ ವಾರಗಳಲ್ಲಿ ಇಲ್ಲಿಯವರಿಗೆ ಚಿಂತೆ ಕಕ್ಕ ಕಡಿಮೆಯಾದರೆ. ದಿನಕ್ಕೆ ಕನಿಷ್ಠ 2 ಸಲ ಹಳದಿ ಕಕ್ಕ, ಐದನೇ ದಿನದಿಂದ 6 ಒದ್ದೆ ನ್ಯಾಪಿ ಇದ್ದರೆ ಹಾಲು ಸಾಕಾಗುತ್ತಿದೆ ಅಂತ ಲೆಕ್ಕ.

ಆರು ವಾರ ಕಳೆದ ಮೇಲೆ ಎದೆಹಾಲಿನ ಮಗು ಕೆಲವು ದಿನ ಕಕ್ಕವನ್ನೇ ಮಾಡದೆ ಇರಬಹುದು. ಆಗ ಊರಿಂದ ಹರಳೆಣ್ಣೆ ಕೊಡಿ ಅನ್ನುತ್ತಾರೆ. ಬೇಡ. ಮಗು ಗೆಲುವಾಗಿದ್ದು, ಬಂದಾಗ ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಮುಖ ಕೆಂಪಗೆ ಮಾಡಿಕೊಂಡು ತಿಣುಕಿದರೂ ಅಷ್ಟೇ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೂ ತಾಗಿಸಬೇಡಿ, ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರುವ ಅಪಾಯವಿದೆ. ಅಮ್ಮನಿಗೆ ಮಕ್ಕಳನ್ನು ಸಾಕಿದ ಅನುಭವ ಇದೆ, ನಿಜ. ಆದರೆ ವಿಡಿಯೋ ಕಾಲ್‌ನಲ್ಲಿ ನ್ಯಾಪಿಯ ಬಣ್ಣ ಸರಿಯಾಗಿ ಕಾಣುವುದಿಲ್ಲ ಅಲ್ವಾ?

ಬಣ್ಣದ ಬಗ್ಗೆಯೇ ಒತ್ತಿ ಹೇಳಬೇಕು. ಕಕ್ಕ ಬಿಳಿಚಿಕೊಂಡು ಸುಣ್ಣದಂತಾದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲದಿರಬಹುದು. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೇಸಿಯಾ ಅನ್ನುವ ಅಪರೂಪದ ಕಾಯಿಲೆ ಇದೆ. ಆಪರೇಷನ್ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಗ ಮೂತ್ರವೂ ಗಾಢ ಹಳದಿಯಾಗುತ್ತದೆ. ಎಳೆ ಮಗುವಿನ ಮೂತ್ರಕ್ಕೆ ಸಾಮಾನ್ಯವಾಗಿ ಬಣ್ಣವೇ ಇರುವುದಿಲ್ಲ. ಎರಡು ವಾರ ದಾಟಿದರೂ ಕಾಮಾಲೆ ಇಳಿಯದಿದ್ದರೂ ತೋರಿಸಲೇಬೇಕು. ನಮ್ಮ ಮಕ್ಕಳ ಮೈಬಣ್ಣದಲ್ಲಿ ಕಾಮಾಲೆ ಬೇಗ ಗೊತ್ತಾಗುವುದಿಲ್ಲ. ಕಿಟಕಿಯ ಬೆಳಕಲ್ಲಿ ಕಣ್ಣಿನ ಬಿಳಿಭಾಗ ಮತ್ತು ಒಸಡು ನೋಡಿ.

ರಕ್ತ ಕಂಡರೆ, ಹಳದಿಗೆ ತಿರುಗಿದ ಮೇಲೆ ಮತ್ತೆ ಕಪ್ಪಾದರೆ, ಇದ್ದಕ್ಕಿದ್ದಂತೆ ಪೂರ್ತಿ ನೀರಾಗಿ ಮಗು ಹಾಲು ಬಿಟ್ಟರೆ ಅವತ್ತೇ ಜಿಪಿಗೆ, ಅಂದರೆ ನಿಮ್ಮ ಮಾಮೂಲಿ ಡಾಕ್ಟರಿಗೆ, ಫೋನ್ ಮಾಡಿ. ರಾತ್ರಿಯಾದರೆ 111, ಅದು ಇಲ್ಲಿಯ ಆರೋಗ್ಯ ಸಹಾಯವಾಣಿ. ಜ್ವರ 38 ಡಿಗ್ರಿ ಮುಟ್ಟಿದರೂ ತಡಮಾಡಬೇಡಿ. ಹಸಿರು ವಾಂತಿಯಾದರೆ ನೇರ ಎ ಅಂಡ್ ಇ, ಅಂದರೆ ಆಸ್ಪತ್ರೆಯ ತುರ್ತು ವಿಭಾಗ.

ಇನ್ನು ಕೆಲವೇ ದಿನದಲ್ಲಿ ಮಿಡ್‌ವೈಫ್ ಬರುವುದು ನಿಂತು, ಎಳೆ ಮಕ್ಕಳನ್ನು ನೋಡಿಕೊಳ್ಳುವ ನರ್ಸ್, ಹೆಲ್ತ್ ವಿಸಿಟರ್, ಮನೆಗೆ ಬರುತ್ತಾರೆ. ಅವರು ಬಂದಾಗ ಒಂದು ನ್ಯಾಪಿ ಎಸೆಯದೆ ಇಟ್ಟಿರಿ, ಇಲ್ಲವೇ ಫೋಟೋ ತೆಗೆದಿಡಿ. ತೋರಿಸಲು ಸಂಕೋಚ ಬೇಡ, ದಿನಾ ಅದನ್ನೇ ನೋಡುವವರು ಅವರು. ಮಗುವಿನ ಆರೋಗ್ಯ ದಾಖಲೆಯ ಪುಸ್ತಕ, ರೆಡ್ ಬುಕ್, ಕೊಟ್ಟು ತೂಕ ಬರೆಸಿಕೊಳ್ಳಿ. ಇಂಗ್ಲಿಷಿನಲ್ಲಿ ಹೇಳಲು ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.