ಹೆಂಡತಿಗೆ ಹೇಳದೆ ಮಗುವಿನ ಡಿಎನ್‌ಎ ಪರೀಕ್ಷೆ ಮಾಡಿಸಬಹುದಾ? ಕೋರ್ಟ್ ಒಪ್ಪುತ್ತದಾ?

"ಸ್ಕ್ಯಾನಿಂಗ್ ರಿಪೋರ್ಟಿನ ವಾರ ತಾಳೆ ಆಗವಲ್ದು" ಅಂತ ಬರ್ದೀರಲ್ರಿ, ಅದನ್ನ ಓದಿ ಮೈ ಝುಂ ಅಂತು. ನಾನೂ ಅದೇ ಕುಣ್ಯಾಗ ಬಿದ್ದವ.

ಪುಣೆದಾಗ ಕೆಲಸ ನಂದು. ದೀಪಾವಳಿ ಆದಮ್ಯಾಲ ಕಲಬುರಗಿಗೆ ಬಂದದ್ದು ಶರಣಬಸವೇಶ್ವರ ಜಾತ್ರಿಗೇ. ನಾಲ್ಕು ದಿನ ಇದ್ದು ಹೋದೆ. ಆರು ವಾರಕ್ಕ ಹೆಂಡತಿ ಸ್ಕ್ಯಾನಿಂಗ್ ಫೋಟೋ ಕಳಿಸಿದಳು: ಎಂಟು ವಾರ. ಬೆರಳು ಮಡಚಿ ಎಣಿಸಿದೆ. ಉಳಿದ ಎರಡು ವಾರ ಯಾರದು?

ನಾ ಕೆಟ್ಟದ್ದು ಇಲ್ಲೇ. ಡಾಕ್ಟರು ವಾರ ಎಣಿಸೋದು ಗಂಡ-ಹೆಂಡತಿ ಕೂಡಿದ ದಿನದಿಂದ ಅಲ್ಲ, ಕಡೇ ಸಲ ಮುಟ್ಟಾದ ಮೊದಲ ದಿನದಿಂದ. ಗರ್ಭ ಕಟ್ಟೋದು ಅದಾಗಿ ಸುಮಾರು ಎರಡು ವಾರಕ್ಕ. ಅಂದ್ರ ಮೊದಲ ಎರಡು ವಾರ ಹೊಟ್ಯಾಗ ಕೂಸೇ ಇರಲ್ಲ, ಆದ್ರೂ ಲೆಕ್ಕಕ್ಕ ಹಿಡೀತಾರ. ನನ್ನ ಆರು, ಅವರ ಎಂಟು, ಎರಡೂ ಒಂದೇ! ಓಣಿಯ ಆಶಾ ಕಾರ್ಯಕರ್ತೆಯನ್ನ ಕೇಳಿದ್ರ ನಿಮಿಷದಾಗ ಹೇಳ್ತಿದ್ಳು. ಕೇಳಲಿಲ್ಲ. ಹೆರಿಗೆ ಆಯ್ತು, ತೊಟ್ಟಿಲು ಆಯ್ತು, ಆ ಎರಡು ವಾರ ಮಾತ್ರ ತಲ್ಯಾಗ ಕುಂತೇ ಇತ್ತು.

ಮಗಗ ಏಳು ತಿಂಗಳಿದ್ದಾಗ, ನಿದ್ದಿಯೊಳಗ, ಗಲ್ಲದ ಒಳಗ ಹತ್ತಿಕಡ್ಡಿ ತಿಕ್ಕಿ ಖಾಸಗಿ ಲ್ಯಾಬಿಗೆ ಕಳಿಸಿದೆ. ನನ್ನ ಮಗನೇ ಅಂತ ಬಂತು. ಕೂಸಿನ ಫೋಟೋ ಹುಡುಕ್ತಾ ಆಕಿ ನನ್ನ ಮೊಬೈಲ್‌ನಾಗ ಆ ಪಿಡಿಎಫ್ ನೋಡಿದಳು. ಈಗ ಚಿಂಚೋಳಿ ತವರುಮನ್ಯಾಗ ಇದ್ದಾಳ, ಒಂದೂವರೆ ವರ್ಷ ಆಯ್ತು.

ಕೋರ್ಟಿನ ಮಾತಂದ್ರ, ಕದ್ದು ಮಾಡಿಸಿದ ರಿಪೋರ್ಟ್ ಅಲ್ಲಿ ನಿಲ್ಲೋದು ಕಷ್ಟ. ಕಡ್ಡಿ ಯಾರ ಬಾಯಿಂದು ಅನ್ನೋದಕ್ಕೇ ಸಾಕ್ಷಿ ಇರಲ್ಲ. ಮದುವಿ ಇದ್ದಾಗ ಹುಟ್ಟಿದ ಕೂಸು ಗಂಡಂದೇ ಅಂತದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ (ಹಳೇ ಕಾಯ್ದೆದಾಗ 112). ಅಲ್ಲ ಅನ್ನಬೇಕಂದ್ರ, ಆ ಹೊತ್ತಿನ್ಯಾಗ ಇಬ್ಬರಿಗೂ ಕೂಡೋ ಅವಕಾಶವೇ ಇರಲಿಲ್ಲ ಅಂತ ತೋರಿಸಬೇಕು. ಜಾತ್ರಿಗೆ ಬಂದು ನಾಲ್ಕು ದಿನ ಇದ್ದವ ಏನು ತೋರಿಸ್ತಾನ? ಕೇಳಿದ ಕೂಡಲೇ ಪರೀಕ್ಷೆಗೆ ಆದೇಶ ಕೊಡಬಾರದು, ಮಗುವಿಗೂ ಖಾಸಗಿತನ ಅದ ಅಂತ ಸುಪ್ರೀಂ ಕೋರ್ಟ್ 2023ರಾಗ ಹೇಳ್ಯದ.

ಖರೇ ಅಂದ್ರ ನಿಮ್ಮದು ಡಿಎನ್‌ಎ ಪ್ರಶ್ನೆಯೇ ಅಲ್ರಿ, ಲೆಕ್ಕದ ಪ್ರಶ್ನೆ. ಮನ್ಯಾಗ ತಾಯಿ ಕಾರ್ಡ್ ಇರ್ತದ, ತೆಗೀರಿ. ಕಡೇ ಮುಟ್ಟಿನ ತಾರೀಖು ಬರೆದಿರ್ತಾರ, ಅಲ್ಲಿಂದ ಎಣಿಸ್ರಿ. ಆಮೇಲೂ ಸಂಶಯ ಉಳೀತಂದ್ರ ಎದುರಿಗೆ ಕುಂತು ಆಕಿನ್ನೇ ಕೇಳ್ರಿ. ಬೈತಾಳ, ಬೈಲಿ. ನಮ್ಮಾಕಿ ಬೈಲೇ ಇಲ್ಲ.